ಪುಟ್ಟ ಸ್ಟೇಷನ್ನಿನ ಸಿಐಡಿಗಳು

ಹೊಳೆ ದಂಡೇಲಿ ಒಂದು ತಗಡಿನ ಶೆಡ್ಡು, ಶೆಡ್ಡಲ್ಲಿ ಒಬ್ರು ಗುರುಗಳು, ಗುರುಗಳ ಮುಂದೆ ಒಂದು ರೈಲು. ಇಂಜಿನ್ನು ಎಷ್ಟುದ್ದ ಅಂತೀರಿ? ನನ್ನ ಅಂಗೈಯಷ್ಟು!

ಗುರುಗಳ ಹೆಸ್ರು ಕೊಟ್ರಬಸಪ್ಪ. ಸ್ಟೇಷನ್ ಮಾಸ್ಟರ್ ಆಗಿ ರಿಟೈರ್ ಆದವ್ರು. ಎರಡು ಹಳೇ ಬಾಗಿಲು ಜೋಡಿಸಿ, ಅದರ ಮೇಲೆ ಹಳಿ, ಸೇತುವೆ, ಸಿಗ್ನಲ್ಲು, ಪ್ಲಾಟ್‌ಫಾರಮ್ಮು ಎಲ್ಲಾ ಕಟ್ಟಿದ್ರು. ಹನ್ನೊಂದು ವರ್ಷದ ಕೆಲಸ.

ಒಂದು ಭಾನುವಾರ ಆ ಕಡೆ ಸುಮ್ನೆ ನಡ್ಕೊಂಡ್ ಹೋಗ್ತಿದ್ದೆ. ಕೂ ಅಂತ ಸಣ್ಣಕೆ ಕೇಳಿಸ್ತು, ಬಗ್ಗಿ ನೋಡ್ದೆ, ಅಷ್ಟೇ, ಅಲ್ಲೇ ಸಿಕ್ಕಾಕ್ಕೊಂಡೆ.

“ನಂಗೂ ಕಲಿಸ್ತೀರಾ ಮಾಸ್ಟ್ರೇ?”

“ಏನ್ ಬರುತ್ತೆ ನಿಂಗೆ?”

“ಹಲ್ಲು ಮಾಡೋಕ್ ಬರುತ್ತೆ.”

ಅವ್ರು ನನ್ನ ಮುಖ ಒಂದ್ ಸಲ ನೋಡಿದ್ರು. “ಕೂತ್ಕೊ,” ಅಂದ್ರು.

ನಿಜಾನೇ ಹೇಳಿದ್ದು. ಡೆಂಟಲ್ ಲ್ಯಾಬಲ್ಲಿ ಕೆಲಸ ನಂದು. ಮೇಣದಲ್ಲಿ ಹಲ್ಲು ಕೆತ್ತೋದು, ಅಚ್ಚು ಹಾಕೋದು. ಬೆಳಗಿಂದ ಸಂಜೆವರೆಗೂ ಎದುರಿಗೆ ಬರೀ ಪ್ಲಾಸ್ಟರ್ ಬಾಯಿಗಳು. ಸಾಲಾಗಿ ಬಾಯಿ, ಒಂದೂ ಮಾತಾಡಲ್ಲ. ಈ ಊರಿಗೆ ಬಂದು ಒಂದೂವರೆ ವರ್ಷದಲ್ಲಿ ಮೂರು ರೂಮು ಬದಲಾಯ್ಸಿದ್ದೆ. ನನ್ ಹೆಸ್ರು ನೂತನಾ ಅಂತ ಪಕ್ಕದ ರೂಮಿನವ್ರಿಗೂ ಗೊತ್ತಿಲ್ಲ. ಹಂಗಾಗಿ ಸಂಜೆ ಶೆಡ್ಡಿಗೆ ಕಾಲಿಟ್ರೆ ಸಾಕು, ನನ್ ಬಾಯಿ ನಿಲ್ತಾನೇ ಇರ್ಲಿಲ್ಲ.

“ಉಸಿರು ತಗೊಳ್ಳವ್ವ,” ಅನ್ನೋರು ಮಾಸ್ಟ್ರು.

ಒಂದಿನ ಕೇಳ್ದೆ. “ಮಾಸ್ಟ್ರೇ, ಎಲ್ಲಾ ಇದೆ, ಜನಾನೇ ಇಲ್ವಲ್ಲ! ಒಬ್ರೂ ಇಲ್ಲ!”

“ದಾರಿ ಮಾಡೋದು ನನ್ ಕೆಲಸ. ಬರೋದು ಬಿಡೋದು ಜನಕ್ಕೆ ಬಿಟ್ಟಿದ್ದು.”

“ನಾನ್ ಮಾಡ್ಲಾ ಜನಾನ?”

“ಮಾಡು. ಏಳ್ ದಿನ ಗಮ್ ಹಚ್ಚಂಗಿಲ್ಲ.”

ಅದು ಆ ಶೆಡ್ಡಿನ ಕಟ್ಟಳೆ. ಮರ ಆಗ್ಲಿ, ಕಂಬ ಆಗ್ಲಿ, ಹೊಸದು ಏನೇ ಬಂದ್ರೂ ಏಳು ದಿನ ಗಮ್ ಇಲ್ದೆ ನಿಂತಿರ್ಬೇಕು. ಎಂಟನೇ ದಿನ ಮಾಸ್ಟ್ರು ಹ್ಞೂಂ ಅಂದ್ರೆ ಅಂಟ್ಸೋದು, ಆಮೇಲೆ ಅದು ಅಲ್ಲೇ ಶಾಶ್ವತ. ಉಹುಂ ಅಂದ್ರೆ ಡಬ್ಬಿಗೆ ವಾಪಸ್.

ನಂಗೆ ಆ ಹ್ಞೂಂ ಬೇಕಾಗಿತ್ತು. ಈ ಊರಲ್ಲಿ ಎಲ್ಲಾದ್ರೂ ಒಂದು ಕಡೆ, ನಂದು ಅಂತ ಏನಾದ್ರೂ ಅಂಟ್ಕೊಂಡಿರ್ಲಿ ಅಂತ ಆಸೆ.

ಸ್ಪೈ ಸಿನಿಮಾ ಅಂದ್ರೆ ನಂಗೆ ಜೀವ! ಹತ್ತು ದಿನ ಕೆತ್ತಿದೆ. ಗಡಿಯಾರದ ಕೆಳಗೆ ಉದ್ದ ಕೋಟಿನವ್ನು. ಕಂಬದ ಮರೇಲಿ ಕಪ್ಪು ಕನ್ನಡಕದ ಹೆಂಗಸು. ಬೆಂಚಿನ ಮೇಲೆ ಪೇಪರ್ ಓದೋನು, ಆ ಪೇಪರಲ್ಲಿ ಎರಡು ತೂತು, ತೂತಲ್ಲಿ ಕಣ್ಣು! ಪ್ಲಾಟ್‌ಫಾರಮ್ಮಿನ ಈ ತುದಿಗೊಬ್ಬ ಆ ತುದಿಗೊಬ್ಬ, ಇಬ್ರ ಕೈಲೂ ಒಂದೇ ಥರದ ಕೆಂಪು ಸೂಟ್‌ಕೇಸು. ಗೂಡ್ಸ್ ಡಬ್ಬಿ ಮೇಲೆ ಬೋರಲು ಮಲಗಿದವ್ನು. ಒಟ್ಟು ಆರು ಜನ. ಸೇತುವೆ ಕೆಳಗೆ ಪಿಳಿಪಿಳಿ ಅನ್ನೋ ಒಂದು ಕೆಂಪು ಲೈಟು ಬೇರೆ.

ಮಾಸ್ಟ್ರು ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿದ್ರು.

“ಈ ಸೆಕೆಗೆ ಕೋಟಾ?”

“ಸಿಐಡಿ ಮಾಸ್ಟ್ರೇ ಅವ್ನು!”

“ಬೆವರೋ ಸಿಐಡಿ.” ಭೂತಗನ್ನಡಿ ಆ ಕಡೆ ಹೋಯ್ತು. “ಈ ಹೆಣ್ಮಗಳು ಯಾವೂರಿಗೆ ಹೋಗ್ಬೇಕು?”

“ಅವ್ಳು ಯಾರಿಗೂ ಹೇಳಲ್ಲ.”

“ಟಿಕೆಟ್ ಕೊಡೋನಿಗಾದ್ರೂ ಹೇಳ್ಬೇಕಾಗುತ್ತೆ. ಸೇತುವೆ ಕೆಳಗೆ ಏನದು?”

“ಬಾಂಬು!”

“ತೆಗಿ. ಹನ್ನೊಂದ್ ವರ್ಷ ಕಷ್ಟಪಟ್ಟಿದೀನಿ.”

ತೆಗ್ದೆ. ಬಾಕಿ ಆರು ಜನಾನೂ ನಿಂತ್ರು. ದಿನಾ ಸಂಜೆ ಹೋಗೋದು, ಬಾಯ್ತುಂಬ ಮಾತಾಡೋದು, ಇಂಜಿನ್ನಿಗೆ ಎಣ್ಣೆ ಬಿಡೋದು, ರೂಮಿಗೆ ಬರೋದು. ಒಂದಿನ, ಎರಡ್ ದಿನ, ಹಂಗೇ ಏಳು ದಿನ.

ಎಂಟನೇ ದಿನ ಗಮ್ ಬಾಟ್ಲಿ ಕೈಲಿ ಹಿಡ್ಕೊಂಡೇ ಓಡ್ದೆ.

“ಎಷ್ಟ್ ಜನ ಇದಾರೆ ನೋಡು,” ಅಂದ್ರು ಮಾಸ್ಟ್ರು.

ನೋಡ್ದೆ. ಐದು! ಬೆಂಚು ಖಾಲಿ. ಪೇಪರ್‌ನವ್ನು ಇಲ್ಲ. ಮೇಜಿನ ಕೆಳಗೆ ಹುಡುಕ್ದೆ, ಡಬ್ಬಿ ತೆಗ್ದು ನೋಡ್ದೆ, ಇಲಿ ಎತ್ಕೊಂಡ್ ಹೋಯ್ತಾ ಅಂತ ಮೂಲೆ ಮೂಲೆ ತಡಕಾಡ್ದೆ.

ಮಾಸ್ಟ್ರು ಅಂಗಿ ಜೇಬಿಂದ ಅವ್ನನ್ನ ತೆಗ್ದು ಅಂಗೈ ಮೇಲೆ ಇಟ್ರು.

“ಇವತ್ತು ತಗೊಂಡ್ರಾ?”

“ಮೂರ್ ದಿನ ಆಯ್ತು.”

ಮುಖ ಬಿಸಿಯಾಯ್ತು. ನಾನೇ ಕೆತ್ತಿದ್ದವ್ನು. ಮೂರು ಸಂಜೆ ಆ ಬೆಂಚಿನ ಎದುರಿಗೇ ಕೂತಿದ್ದೆ. ಆದ್ರೂ ಸೋಲೊಪ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ.

“ಅಂದ್ರೆ ಅವ್ನು ಒಳ್ಳೇ ಸಿಐಡಿ ಅಂತಾಯ್ತು ಮಾಸ್ಟ್ರೇ! ಇದ್ರೂ ಗೊತ್ತಾಗಬಾರ್ದು, ಹೋದ್ರೂ ಗೊತ್ತಾಗಬಾರ್ದು. ಅಡಗಿರೋದು ಅಂದ್ರೆ ಅದೇ ಅಲ್ವಾ?”

“ಇವ್ನನ್ನ ಹುಡುಕ್ತಿರೋರು ಯಾರು?”

“ಯಾರೂ ಇಲ್ಲ. ಅಷ್ಟು ಬುದ್ಧಿವಂತ!”

“ಹಂಗಾದ್ರೆ ಇವ್ನು ಅಡಗಿಲ್ಲವ್ವ. ಒಬ್ನೇ ಇದಾನೆ, ಅಷ್ಟೇ.”

ನಂಗೆ ಏನಾಯ್ತೋ ಗೊತ್ತಿಲ್ಲ. ಗಮ್ ಬಾಟ್ಲಿ ಅಲ್ಲೇ ಬಿಟ್ಟೆ, ಬ್ಯಾಗ್ ಹಾಕ್ಕೊಂಡೆ, ಹೊರಟೆ. ಬರ್ತೀನಿ ಅಂತಾನೂ ಹೇಳ್ಲಿಲ್ಲ.

ಮಾರನೇ ದಿನ ಹೋಗ್ಲಿಲ್ಲ. ಅದರ ಮಾರನೇ ದಿನಾನೂ ಇಲ್ಲ. ನಾನೂ ಕಾಣೆಯಾಗ್ತೀನಿ, ಯಾರಿಗೆ ಎಷ್ಟು ದಿನಕ್ಕೆ ಗೊತ್ತಾಗುತ್ತೋ ನೋಡೋಣ ಅಂತ ಹಟ. ಮಾಸ್ಟ್ರ ಹತ್ರ ಫೋನಿಲ್ಲ. ನನ್ ರೂಮು ಎಲ್ಲಿ ಅಂತ ಅವ್ರು ಕೇಳಿದ್ದೂ ಇಲ್ಲ, ಅಷ್ಟು ಮಾತಾಡೋ ನಾನು ಹೇಳಿದ್ದೂ ಇಲ್ಲ.

ಮೂರು ದಿನ ದಾಟ್ತು. ಲ್ಯಾಬಲ್ಲಿ ಓನರ್ರು, “ಮೇಲಿನ ದವಡೆ ನಾಳೆಗೆ ಬೇಕು,” ಅಂದ್ರು. ಬೇರೆ ಯಾರೂ ಏನೂ ಅನ್ಲಿಲ್ಲ.

ಐದನೇ ದಿನ ಸಂಜೆ ಸುಮ್ನೆ ಕೂತು ಲೆಕ್ಕ ಹಾಕ್ದೆ, ಇವತ್ತು ನಾನು ಏನೇನ್ ಮಾತಾಡ್ದೆ ಅಂತ. “ಆಯ್ತು.” “ಸರಿ.” “ಚಿಲ್ಲರೆ ಇಲ್ಲ.” ಅಷ್ಟೇ. ನಾನು! ಹೊಳೆ ಸೇತುವೆ ಮೇಲೆ ನಿಜವಾದ ರೈಲು ಹೋಗೋ ಸದ್ದು ರೂಮಿಗೆ ಕೇಳಿಸ್ತು, ಆಮೇಲೆ ಅದೂ ಇಲ್ಲ.

ಒಂಬತ್ತನೇ ದಿನ, ಭಾನುವಾರ ಮಧ್ಯಾಹ್ನ, ಯಾರೋ ಬಾಗಿಲು ತಟ್ಟಿದ್ರು.

ಆ ಬಾಗಿಲು ಯಾವತ್ತೂ ಯಾರೂ ತಟ್ಟಿರ್ಲಿಲ್ಲ. ಪಕ್ಕದ ಮನೆದಿರ್ಬೇಕು ಅಂತ ಸುಮ್ನಿದ್ದೆ. ಮತ್ತೆ ತಟ್ಟಿದ್ರು.

ತೆಗ್ದು ನೋಡಿದ್ರೆ ಮಾಸ್ಟ್ರು! ಮೂರು ಮಹಡಿ ಹತ್ತಿ ಗೋಡೆ ಹಿಡ್ಕೊಂಡು ನಿಂತಿದ್ರು, ಏದುಸಿರು.

“ಅಯ್ಯೋ ಮಾಸ್ಟ್ರೇ, ಹೆಂಗ್ ಪತ್ತೆ ಮಾಡಿದ್ರಿ?”

“ನಾಕ್ ಜನ ಹಲ್ಲಿನ ಡಾಕ್ಟ್ರು,” ಅಂದ್ರು. “ಹಲ್ಲು ಮಾಡೋ ಹುಡುಗಿ ಎಲ್ಲಿ ಸಿಗ್ತಾಳೆ ಅಂತ ಕೇಳ್ದೆ. ನಾಕೂ ಜನ, ಮೊದ್ಲು ಬಾಯಿ ತೆಗೀರಿ ಅಂದ್ರು.”

“ತೆಗೆದ್ರಾ?”

“ತೆಗ್ದೆ. ಮೂರು ಕೀಳಿಸ್ಬೇಕಂತೆ.”

ನಗು ಬಂತು. ನಗ್ತಾ ನಗ್ತಾ ಅಳುನೂ ಬಂತು, ನಿಲ್ಲಿಸೋಕಾಗ್ಲಿಲ್ಲ.

“ನಾಕನೇ ಡಾಕ್ಟ್ರು ನಿಮ್ ಲ್ಯಾಬ್ ಹೇಳಿದ್ರು. ಲ್ಯಾಬ್‌ನೋರು ಈ ಬೀದಿ ಹೇಳಿದ್ರು. ಬೀದೀಲಿ ನೂತನಾ ಅಂದ್ರೆ ಯಾರಿಗೂ ಗೊತ್ತಿಲ್ಲ. ಪ್ರತಿ ಬಾಗಿಲೂ ತಟ್ಕೊಂಡ್ ಬಂದೆ.”

“ಎಷ್ಟ್ ದಿನ ಹುಡುಕಿದ್ರಿ?”

“ನೀರ್ ಕೊಡು.”

ಚಾಪೆ ಹಾಸಿ ಕೂರಿಸ್ದೆ. ನೀರು ಕೊಟ್ಟೆ. ಅವ್ರು ಎತ್ಕೊಂಡು ಕುಡಿದು ಲೋಟ ವಾಪಸ್ ಕೊಟ್ರು. ನಂಗೂ ಗಂಟಲು ಒಣಗಿತ್ತು. ಇದ್ದಿದ್ದೇ ಒಂದು ಲೋಟ, ಅದನ್ನೇ ತೊಳ್ದು, ತುಂಬ್ಕೊಂಡು, ನಾನೂ ಕುಡಿದೆ. ಅವ್ರು ನೋಡ್ತಾ ಇದ್ರು.

ಸ್ವಲ್ಪ ಹೊತ್ತು ಕೂತು ಎದ್ರು. ನಾನು ಮೆಟ್ಟಿಲವರೆಗೂ ಹೋದೆ.

“ನಾಳೆ ಬರ್ತೀನಿ ಮಾಸ್ಟ್ರೇ. ಖಂಡಿತಾ ಬರ್ತೀನಿ. ಆ ಆರು ಜನಾನ ಏನ್ ಮಾಡ್ಲಿ? ಅಂಟಿಸ್ಲಾ, ಡಬ್ಬಿಗೆ ಹಾಕ್ಲಾ?”

ಅವ್ರು ಕಂಬಿ ಹಿಡ್ಕೊಂಡು ಒಂದೊಂದೇ ಮೆಟ್ಟಿಲು ಇಳೀತಾ, ತಿರುಗಿ ನೋಡದೇನೇ ಹೇಳಿದ್ರು.

“ಮೊದ್ಲು ಮನೆಗೆ ಇನ್ನೊಂದ್ ಲೋಟ ತಗೊಂಬಾ.”