ಕಾಶವ್ವನ ಎದೆಗೆ ಹಾಲಿಳಿದದ್ದು

ಮಲಪ್ರಭೆಯ ದಂಡೆಯ ಮೇಲಿನ ತೊರೆಗಲ್ಲೂರಿನಲ್ಲಿ ಪೂಜ್ಯ ಸಿದ್ಧಾಂಬಾ ತಾಯಿಯವರು ನೆಲೆಸಿದ್ದ ತಾಣಕ್ಕೆ ಮಠವೆಂಬ ಹೆಸರು ಕೂಡ ಇರಲಿಲ್ಲ. ನೇಕಾರರು ಬಿಟ್ಟುಹೋಗಿದ್ದ ಹಳೆಯದೊಂದು ಮಗ್ಗದ ಮನೆ ಅದು. ಮಣ್ಣಿನ ಗೋಡೆ, ಮೇಲೆ ಕುಂಬಳದ ಬಳ್ಳಿ ಹಬ್ಬಿದ ಮಾಳಿಗೆ. ತಾಯಿಯವರು ಅಲ್ಲಿಯೇ ಚಾಪೆ ಹಾಸಿಕೊಂಡು ಲಿಂಗಪೂಜೆ ಮಾಡುತ್ತಿದ್ದರು, ಅಲ್ಲಿಯೇ ನೂಲುತ್ತಿದ್ದರು, ಹಸಿದು ಬಂದವರಿಗೆ ಅಲ್ಲಿಯೇ ರೊಟ್ಟಿ ಬಡಿದು ನೀಡುತ್ತಿದ್ದರು. ಎಳವೆಯಲ್ಲೇ ಮದುವೆಯನ್ನೊಲ್ಲದೆ ಶಿವನ ದಾರಿ ಹಿಡಿದವರು. ಮಾತು ಬಲು ಕಡಿಮೆ.

ಊರೆಲ್ಲ ಅವರಿಗೆ ತಲೆಬಾಗುತ್ತಿದ್ದರೂ ಮೇಲಿನೋಣಿಯ ದುಂಡವ್ವ ಮಾತ್ರ ಬಾಗಿದವಳಲ್ಲ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಹೊಲ ಮನೆ ಎರಡನ್ನೂ ಒಬ್ಬಳೇ ನಿಭಾಯಿಸಿ ಮಗ ಮಲ್ಲೇಶಿಯನ್ನು ಬೆಳೆಸಿದ ಗಟ್ಟಿಗಿತ್ತಿ ಆಕೆ. "ಗಂಡ ಇಲ್ಲ, ಮಕ್ಕಳಿಲ್ಲ. ಸಂಸಾರದ ಬೇಗಿ ಕಾಣದಾಕಿ ನಮಗೇನ ಹೇಳ್ತಾಳ?" ಎಂದು ಬಾವಿಕಟ್ಟೆಯ ಮೇಲೆ ಎಲ್ಲರೆದುರು ಆಡಿಬಿಡುತ್ತಿದ್ದಳು. ಆ ಮಾತು ತಾಯಿಯವರ ಕಿವಿಗೆ ಬಿದ್ದಾಗ ಅವರು, "ಖರೇ ಹೇಳ್ಯಾಳ" ಎಂದಷ್ಟೇ ನುಡಿದರಂತೆ.

ಆ ವರ್ಷ ದುಂಡವ್ವನ ಸೊಸೆ ಕಾಶವ್ವ ಚೊಚ್ಚಲ ಗಂಡುಮಗುವನ್ನು ಹೆತ್ತಳು. ಕಾಶವ್ವನಿಗೆ ಹೆತ್ತ ತಾಯಿ ಇರಲಿಲ್ಲವಾಗಿ ಹೆರಿಗೆ, ಬಾಣಂತನ ಎರಡೂ ಅತ್ತೆಯ ಮನೆಯಲ್ಲೇ ಆದವು. ದುಂಡವ್ವ ತಾನು ಕಂಡ ಪದ್ಧತಿಯನ್ನು ಎಳ್ಳಷ್ಟೂ ಬಿಡಲಿಲ್ಲ. ಕೂಸಿಗೆ ಶೀತವಾಗುತ್ತದೆಂದು ಬಾಣಂತಿಗೆ ನೀರು ಕಡಿಮೆ. ಊಟಕ್ಕೆ ಒಣ ಅನ್ನ, ಮೆಣಸಿನಪುಡಿ. ತಿಂಗಳು ತುಂಬುವ ಮೊದಲೇ ಸೊಸೆಯನ್ನು ಬೀಸುವ ಕಲ್ಲಿಗೂ ಕೂರಿಸಿದಳು. ಕಾಶವ್ವನ ಮೊಲೆತೊಟ್ಟುಗಳು ಒಡೆದು ರಕ್ತ ಬಂತು. ಕೂಸು ಬಾಯಿ ಹಾಕಿದರೆ ಜೀವ ಹೋದಂತಾಗುವುದು. ನೋವಿಗೆ ಹೆದರಿ ಕುಡಿಸುವುದು ಕಡಿಮೆಯಾಯಿತು, ಕುಡಿಸುವುದು ಕಡಿಮೆಯಾದಂತೆ ಹಾಲೂ ಇಂಗಿತು. ಆಕೆ ಬಾಯಿಬಿಟ್ಟರೆ ದುಂಡವ್ವನದು ಒಂದೇ ಉತ್ತರ: "ನಾವು ಹಡದಿಲ್ಲೇನು? ನಾವು ತಡಕೊಂಡಿಲ್ಲೇನು?"

ಕೂಸು ಸೊರಗತೊಡಗಿತು. ಒಳಲೆಯಲ್ಲಿ ಆಕಳ ಹಾಲು ಹಾಕಿದರೆ ಅರ್ಧ ಕಕ್ಕುತ್ತಿತ್ತು. ಒಂದು ಮುಂಜಾನೆ ಅದು ಅಳಲು ಬಾಯಿ ತೆರೆಯಿತು, ಆದರೆ ದನಿಯೇ ಹೊರಡಲಿಲ್ಲ. ನೆರೆಮನೆಯ ಬಾಳವ್ವ, "ಇನ್ನರ ಹಟ ಬಿಡು. ಅವ್ವನೋರ ಹತ್ತರ ಹೋಗಿ ಭಸ್ಮ ತಗೊಂಡ ಬಾ" ಎಂದಳು. ಎಂದೂ ಆ ಹೊಸ್ತಿಲು ತುಳಿಯದ ದುಂಡವ್ವ ಸೆರಗು ಹೊದ್ದು ಮಗ್ಗದ ಮನೆಗೆ ನಡೆದಳು.

ತಾಯಿಯವರು ನೂಲುತ್ತ ಕುಳಿತಿದ್ದರು. ದುಂಡವ್ವ ಬಾಗಿಲಲ್ಲೇ ನಿಂತು, "ಸೊಸಿಗೆ ಹಾಲಿಲ್ರಿ. ಮೊಮ್ಮಗ ಉಳಿಯೂ ಹಂಗ ಕಾಣೂದಿಲ್ಲ. ಭಸ್ಮ ಕೊಡ್ರಿ" ಎಂದಳು. ಬೇಡುವುದು ರೂಢಿಯಿಲ್ಲದ ಆ ದನಿ ಬಿರುಸಾಗಿಯೇ ಇತ್ತು.

ತಾಯಿಯವರು ತಲೆಯೆತ್ತಿ ಕೇಳಿದರು: "ಬಾಣಂತಿ ಇವತ್ತ ಏನ ಉಂಡಾಳ?"

ದುಂಡವ್ವ ತಡವರಿಸಿದಳು. "ಇನ್ನೂ... ಉಂಡಿಲ್ರಿ."

"ಈಗ ಏನ ಮಾಡಾಕತ್ತಾಳ?"

"ಜ್ವಾಳ ಬೀಸಾಕತ್ತಾಳ್ರಿ."

ತಾಯಿಯವರು ನೂಲನ್ನು ಪಕ್ಕಕ್ಕಿಟ್ಟು ಎದ್ದರು. "ನಡಿ" ಎಂದರು.

ಮಹಾಮಹಿಮರು ಮೇಲಿನೋಣಿಯಲ್ಲಿ ನಡೆದು ಬರುವುದನ್ನು ಕಂಡು ಹೆಂಗಸರು ಮನೆಗಳಿಂದ ಹೊರಬಂದರು. ದುಂಡವ್ವ ಓಡಿಹೋಗಿ ಪಡಸಾಲೆಯಲ್ಲಿ ಕಂಬಳಿ ಹಾಸಿದಳು. ತಾಯಿಯವರು ಆ ಕಂಬಳಿಯನ್ನು ದಾಟಿ ನೇರವಾಗಿ ಒಳಗೆ ನಡೆದರು. ಅಲ್ಲಿ ಕಾಶವ್ವ ಬೀಸುವ ಕಲ್ಲಿನ ಗೂಟ ಹಿಡಿದು ಕುಳಿತಿದ್ದಳು. ಕುಪ್ಪಸದ ಮೇಲೆ ರಕ್ತದ ಕಲೆ ಒಣಗಿತ್ತು. ಪಕ್ಕದ ತೊಟ್ಟಿಲಲ್ಲಿ ಕೂಸು ಸುಮ್ಮನೆ ಬಾಯಿ ಆಡಿಸುತ್ತಿತ್ತು. ತಾಯಿಯವರು ಕಾಶವ್ವನ ಕೈಯ ಮೇಲೆ ತಮ್ಮ ಕೈಯಿಟ್ಟು, "ಏಳವ್ವ" ಎಂದರು. ಆಕೆ ಎದ್ದ ಜಾಗದಲ್ಲಿ ತಾವೇ ಕುಳಿತು, ಹಿಡಿ ಜೋಳ ಹಾಕಿ, ಬೀಸತೊಡಗಿದರು.

"ಅಯ್ಯ, ಅವ್ವಾರ! ಏಳ್ರಿ! ನನಗ ಪಾಪ ತಟ್ಟತೈತ್ರಿ!" ಎಂದು ದುಂಡವ್ವ ಚೀರಿದಳು.

ತಾಯಿಯವರು ಕಲ್ಲು ನಿಲ್ಲಿಸಲಿಲ್ಲ. "ನೀ ಅಂದದ್ದು ಖರೇ ಐತಿ, ದುಂಡವ್ವ. ನಾ ಹಡದಾಕಿ ಅಲ್ಲ. ಈ ನೋವು ನನಗ ಗೊತ್ತಿಲ್ಲ. ನಿನಗ ಗೊತ್ತೈತಿ. ನೀ ಹೋಗಿ ಆಕಿ ಹತ್ತರ ಕೂಡು. ಬೀಸೂದು ನನ್ನ ಪಾಲಿಂದು."

ದುಂಡವ್ವ ಸೊಸೆಯನ್ನೂ ಕೂಸನ್ನೂ ಕೋಣೆಗೆ ಕರೆದೊಯ್ದು ಹಾಸಿಗೆಯ ಅಂಚಿನಲ್ಲಿ ಕುಳಿತಳು. ಕಾಶವ್ವ ಹೆದರಿ ಮುದುಡಿದಳು. ದುಂಡವ್ವ ಆಕೆಯ ಕುಪ್ಪಸ ಸರಿಸಿ ನೋಡಿದಳು. ತೊಟ್ಟುಗಳೆರಡೂ ಸೀಳಿದ್ದವು, ಒಂದು ಮೊಲೆ ಗಂಟುಗಟ್ಟಿ ಕಲ್ಲಾಗಿತ್ತು. ತಾನು ಎಷ್ಟೋ ವರ್ಷಗಳ ಹಿಂದೆ ಇದೇ ಕೋಣೆಯಲ್ಲಿ, ಸೆರಗನ್ನು ಹಲ್ಲಿಗೆ ಕಚ್ಚಿಕೊಂಡು, ಕಣ್ಣೀರು ಸುರಿಸುತ್ತ ಮಲ್ಲೇಶಿಗೆ ಹಾಲೂಡಿಸಿದ್ದು ಎದುರಿಗೆ ಬಂದು ನಿಂತಿತು. ಆಗ ಹತ್ತಿರ ಕೂರುವವರು ಯಾರೂ ಇರಲಿಲ್ಲ. ತಡೆದುಕೊಂಡೆನೆಂಬ ಹೆಮ್ಮೆಯೊಂದೇ ಆಕೆಗೆ ಉಳಿದಿತ್ತು.

"ಇಷ್ಟ ಆಗೇತಿ, ಹೇಳಬಾರದೇನ ತಂಗಿ?"

"ಹೇಳಿದ್ನಿ ಅತ್ತಿ" ಎಂದಳು ಕಾಶವ್ವ ಮೆಲ್ಲಗೆ. "ತಡಕೋ ಅಂದ್ರಿ."

ದುಂಡವ್ವ ಗೋಡೆಯ ಕಡೆ ಮುಖ ತಿರುಗಿಸಿ ಬಿಕ್ಕಿದಳು. ಆಚೆಯಿಂದ ಬೀಸುವ ಕಲ್ಲಿನ ಸದ್ದು ಒಂದೇ ಸಮನೆ ಬರುತ್ತಿತ್ತು. ಆ ಸದ್ದು ಆಕೆಯನ್ನು ಎಬ್ಬಿಸಿತು. ನೀರು ಕಾಯಿಸಿದಳು. ಹದಬಿಸಿಯ ಅರಿವೆ ಹಿಂಡಿ ಗಂಟುಗಟ್ಟಿದ ಎದೆಗೆ ಶಾಖ ಕೊಟ್ಟಳು, ಮೆಲ್ಲಗೆ ನೀವಿದಳು. ಸೊಸೆಯ ಬೆನ್ನಿಗೆ ದಿಂಬು ಒತ್ತಿ, ಚೊಂಬಿನ ತುಂಬ ನೀರು ಕುಡಿಸಿ, ಕೂಸಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ ಮಲಗಿಸಿದಳು. "ತುದಿ ಅಷ್ಟ ಕೊಡಬ್ಯಾಡ ಯವ್ವಾ. ಅಂವ ದೊಡ್ಡದಾಗಿ ಬಾಯಿ ತಗೀಲಿ. ಹಾಂ, ಈಗ! ಬಾಯಿ ತುಂಬ ಕೊಡು." ಕಾಶವ್ವ ಕಣ್ಣು ಬಿಗಿಮುಚ್ಚಿದಳು, ಮರುಕ್ಷಣ ಅಚ್ಚರಿಯಿಂದ ತೆರೆದಳು. ನೋವು ಇತ್ತು, ಆದರೆ ತಾಳುವಂತಿತ್ತು.

ಅಂದೇ ಹಾಲಿನ ಹೊಳೆ ಹರಿಯಲಿಲ್ಲ. ಹನಿ ಹನಿಯಾಗಿ ಬಂದದ್ದು ಕೂಸಿಗೆ ಸಾಲಲೂ ಇಲ್ಲ. "ಕೂಸು ಹಸದಿರಬಾರದು" ಎಂದು ತಾಯಿಯವರು ಅಪ್ಪಣೆ ಕೊಟ್ಟಿದ್ದರು. ಎದೆಗೆ ಹಾಕಿದ ಮೇಲೆ ಉಳಿದ ಹಸಿವಿಗೆ ಒಳಲೆಯ ಹಾಲು ತುಸುತುಸುವಾಗಿ ನಡೆಯಿತು. ತಾಯಿಯವರು ದಿನವೂ ಬಂದರು. ಬೀಸಿದರು, ಹೊಳೆಯಿಂದ ನೀರು ಹೊತ್ತರು, ಕೂಸಿನ ಅರಿವೆ ಒಗೆದರು. ದರ್ಶನಕ್ಕೆ ಬಂದ ಪರಸ್ಥಳದ ಭಕ್ತರು ಮೈಯೆಲ್ಲ ಹಿಟ್ಟಾದ ತಾಯಿಯವರ ಮುಂದೆ ಏನು ಮಾಡಬೇಕೆಂದು ತಿಳಿಯದೆ ನಿಂತು, ಕಡೆಗೆ ತಾವೂ ಕೊಡ ಹಿಡಿದರು. ದುಂಡವ್ವ ಅಳವಿ ಬೀಜದ ಪಾಯಸ, ಬೆಳ್ಳುಳ್ಳಿ ಒಗ್ಗರಣೆಯ ಸಬ್ಬಸಿಗಿ ಪಲ್ಯ, ತುಪ್ಪ ಸುರಿದ ಬಿಸಿರೊಟ್ಟಿಯನ್ನು ಸೊಸೆಗೆ ತುತ್ತು ಮಾಡಿ ಉಣಿಸಿದಳು. ಕೂಸು ಕೇಳಿದಾಗಲೆಲ್ಲ ಎದೆಗೆ ಹಾಕಿಸಿದಳು. ಕಾಶವ್ವ ಸೋತು ಅತ್ತಾಗ ತಡೆದುಕೋ ಎನ್ನಲಿಲ್ಲ. ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು.

ತೊಟ್ಟಿನ ಗಾಯ ಮಾಯುತ್ತ ಬಂತು. ಒಂದು ಬೆಳಗ್ಗೆ ಕೂಸು ಹಾಲು ಕುಡಿಯುತ್ತಿದ್ದಾಗ ಗುಟುಕ್, ಗುಟುಕ್ ಎಂಬ ಸದ್ದು ಕೇಳಿ ದುಂಡವ್ವ ಬಗ್ಗಿ ನೋಡಿದಳು. ಇನ್ನೊಂದು ಎದೆಯಿಂದ ಹಾಲು ತಾನಾಗಿಯೇ ಇಳಿದು ಸೀರೆ ತೋಯುತ್ತಿತ್ತು. ಕೂಸು ಕುಡಿದು, ಕುಡಿದು, ಬಾಯಿಬಿಟ್ಟು ಅಮಲೇರಿದವನಂತೆ ತಲೆ ಹಿಂದಕ್ಕೆ ಹಾಕಿತು. ಗಲ್ಲದ ಮೇಲೆ ಬಿಳಿಯ ಧಾರೆ ಹರಿಯಿತು.

"ಅತ್ತೀ!" ಎಂದು ಕಾಶವ್ವ ಜೋರಾಗಿ ನಕ್ಕಳು. ದುಂಡವ್ವ ಬರಿಗಾಲಲ್ಲೇ ಬೀದಿಗೆ ಓಡಿದಳು. "ಬಂತ್ರೇ ಯವ್ವಾ! ನನ್ನ ಸೊಸಿಗೆ ಹಾಲು ಬಂತು! ಉಕ್ಕಿ ಬಂತು!" ಓಣಿಗೆ ಓಣಿಯೇ ನೆರೆಯಿತು. ಬಾಳವ್ವ ಮನೆಯಲ್ಲಿದ್ದ ಬೆಲ್ಲವನ್ನೆಲ್ಲ ತಂದು ಹಂಚಿದಳು.

ದುಂಡವ್ವ ಒಳಗೆ ಬಂದು ತಾಯಿಯವರ ಹಿಟ್ಟು ಮೆತ್ತಿದ ಪಾದಗಳಿಗೆ ಹಣೆ ಹಚ್ಚಿದಳು. "ಎಂಥಾ ಪವಾಡ ಮಾಡಿದ್ರಿ ನನ್ನವ್ವ!"

"ಪವಾಡ ಎಲ್ಲಿಂದು? ನಾ ಹಿಟ್ಟು ಬೀಸಿದ್ನಿ" ಎಂದು ತಾಯಿಯವರು ನಕ್ಕು, ಕೈ ಝಾಡಿಸಿಕೊಂಡು, ಬಂದ ದಾರಿಯಲ್ಲೇ ಹೊರಟುಹೋದರು.

ಮುಂದೆ ಕೆಲವು ತಿಂಗಳಿಗೆ ಹೊಳೆಯಾಚೆಯ ಅಂಬಿಗರ ಓಣಿಯಲ್ಲಿ ಒಬ್ಬ ಬಾಣಂತಿ ಜ್ವರದಿಂದ ಮೈಮೇಲೆ ಎಚ್ಚರವಿಲ್ಲದೆ ಮಲಗಿದಳು. ಅವಳ ಹಸುಗೂಸು ಅಳುತ್ತಿದೆಯೆಂಬ ಸುದ್ದಿ ಬಂದಾಗ ಕಾಶವ್ವ ಅತ್ತೆಯ ಮುಖ ನೋಡಿದಳು. ದುಂಡವ್ವ ಆಗಲೇ ಸೆರಗು ಬಿಗಿದಿದ್ದಳು. ಹರಿಗೋಲು ಹತ್ತಿ ಹೋಗಿ, ಆ ಕೂಸನ್ನು ಎದೆಗವುಚಿಕೊಂಡು, ನಡುಹಗಲಲ್ಲಿ ಊರ ದೊಡ್ಡ ಬೀದಿಯಲ್ಲಿ ಬಂದಳು. ಚಾವಡಿಯ ಕಟ್ಟೆಯ ಮೇಲಿದ್ದ ಹಿರಿಯನೊಬ್ಬ ಹುಬ್ಬು ಗಂಟಿಕ್ಕಿ, "ದುಂಡವ್ವ, ಅದು ಯಾರ ಕೂಸ?" ಎಂದು ಕೇಳಿದ.

"ಹಸದ ಕೂಸು! ದಾರಿ ಬಿಡ್ರಿ!" ಎಂದವಳೇ ಮುಂಬಾಗಿಲಿನಿಂದ ಒಳಗೆ ಹೋಗಿ ಅದನ್ನು ಸೊಸೆಯ ಮಡಿಲಿಗೆ ಹಾಕಿದಳು. ಅಂದಿನಿಂದ ಹೆತ್ತ ತಾಯಿ ಚೇತರಿಸಿಕೊಳ್ಳುವವರೆಗೆ ಆ ಮನೆಯಲ್ಲಿ ಎರಡು ಕೂಸುಗಳು ಹೊಟ್ಟೆ ತುಂಬ ಹಾಲುಂಡವು.

ಈ ಸಂಗತಿಯನ್ನು ಭಕ್ತರು ಬಂದು ಅರುಹಿದಾಗ ಪೂಜ್ಯ ತಾಯಿಯವರು ನೂಲನ್ನು ಪಕ್ಕಕ್ಕಿಟ್ಟರು. ಎದ್ದು ಹೊರಗೆ ಬಂದು, ದುಂಡವ್ವನ ಮನೆಯ ದಿಕ್ಕಿಗೆ ತಿರುಗಿ, ಎರಡೂ ಕೈ ಜೋಡಿಸಿ ಬಾಗಿ ನಮಸ್ಕರಿಸಿದರು.