ದಾರಿ ಊಹಿಸುವ ಎಡಿಟರ್

ತುಂಗಭದ್ರೆಯ ದಡದ ಆಶ್ರಮದಲ್ಲಿ ಮರುಳಯ್ಯ ಎಂಬ ಗುರುಗಳಿದ್ದರು. ಅವರು ಕೀಲಿಮಣೆ ಮುಟ್ಟಿದರೆ ಹೊಳೆಯ ಮೀನುಗಳು ತಲೆ ಎತ್ತಿ ತಾಳ ಹಾಕುತ್ತಿದ್ದವು. ನಂಬದವರು ಮೀನುಗಳನ್ನೇ ವಿಚಾರಿಸಲಿ.

ಕಂಪ್ಯೂಟರಿನಲ್ಲಿ ಬರೆಯುವವರಿಗಾಗಿ ಅವರೊಂದು ಎಡಿಟರ್ ತಂತ್ರಾಂಶ ಕಟ್ಟಿದ್ದರು. ಶಿಷ್ಯ ಕೊಟ್ರೇಶ ಅದಕ್ಕೊಂದು ಜಾಣತನ ಸೇರಿಸಿದ. ಫೈಲ್ ಇರುವ ದಾರಿಯನ್ನು ಬರೆಯತೊಡಗಿದರೆ ಸಾಕು, ಉಳಿದದ್ದನ್ನು ಎಡಿಟರೇ ತುಂಬಿಕೊಡುತ್ತದೆ.

"ಆಚೆ ದಡದ ಆಶ್ರಮದಲ್ಲೂ ಇದು ನಡೆದರೆ ಎಡಿಟರ್ ಇನ್ನು ನಿನ್ನ ಕೈಗೆ," ಎಂದರು ಗುರುಗಳು.

ಕೊಟ್ರೇಶ ಅಂದೇ ಅದನ್ನು ಆಚೆ ದಡಕ್ಕೆ ಕಳಿಸಿದ.

ಈಚೆಯವರ ಕಂಪ್ಯೂಟರುಗಳು ನಡೆಯುವುದು ಲಿನಕ್ಸ್ ಮೇಲೆ, ಆಚೆಯವರವು ವಿಂಡೋಸ್ ಮೇಲೆ. ದಾರಿಯಲ್ಲಿ ಹೆಸರು ಹೆಸರಿನ ನಡುವಿನ ಗೆರೆ ಇಲ್ಲಿ ಮುಂದಕ್ಕೆ ವಾಲುತ್ತದೆ, ಅಲ್ಲಿ ಹಿಂದಕ್ಕೆ. ಕೊಟ್ರೇಶನ ಜಾಣತನ ಅಲ್ಲಿ ಬಾಯಿ ಬಿಡಲಿಲ್ಲ. ಗೆರೆಗಳನ್ನೆಲ್ಲ ತಿರುಗಿಸಿ ಹಾಕಿದ. ಅಲ್ಲಿ ನಡೆಯಿತು, ಇಲ್ಲಿ ಮಲಗಿತು.

"ಆಚೆಯವರ ಯಂತ್ರವೇ ಸೊಟ್ಟ, ಗುರುಗಳೇ."

ಗುರುಗಳು ಅವನನ್ನು ಹರಿಗೋಲಿಗೆ ಹತ್ತಿಸಿಕೊಂಡರು. ಅವರು ಹುಟ್ಟನ್ನು ನೀರಿಗೆ ತಾಗಿಸಿದ್ದೇ ತಡ, ಆಚೆ ದಡವೇ ಎದ್ದು ಬಂದು ಎದುರುಗೊಂಡಿತು.

ಅಲ್ಲಿನ ಆಶ್ರಮದ ಬಾಗಿಲಿನ ಎರಡೂ ಪಕ್ಕ ಕೊಡಗಳಿದ್ದವು. ಕೊಟ್ರೇಶನ ಆಶ್ರಮದಲ್ಲಿ ಬಲಗಡೆಯ ಕೊಡ ಕಾಲು ತೊಳೆಯುವುದಕ್ಕೆ. ಕೊಟ್ರೇಶ ನೆಟ್ಟಗೆ ಬಲಗಡೆಗೆ ಹೋಗಿ, ಚೊಂಬು ಮುಳುಗಿಸಿ ಕಾಲಿಗೆ ಸುರಿದುಕೊಂಡ.

"ಅದು ಕುಡಿಯೋ ನೀರಪ್ಪಾ," ಎಂದಳು ಅಡುಗೆಯ ಪಂಪವ್ವ. "ಹೊಳೆ ದಾಟಿ ಬಂದು ನಮ್ಮ ಗಂಟಲಿಗೇ ಕಾಲಿಟ್ಟೆಯಲ್ಲ."

ಗುರುಗಳು ಮೆಟ್ಟಿಲ ಬಳಿಯೇ ನಿಂತಿದ್ದರು. "ಪಂಪವ್ವಾ, ಕಾಲು ಎಲ್ಲಿ ತೊಳೀಲಿ?"

ಆಕೆ ಎಡಗಡೆಯ ಕೊಡ ತೋರಿಸಿದಳು.

ಕೊಟ್ರೇಶ ಬೆರಗಾದ. "ನಿಮ್ಮ ತಲೆ ನರೆತದ್ದೇ ಇಲ್ಲಿಗೆ ಬಂದು ಹೋಗಿ. ನಿಮಗೆ ಗೊತ್ತಿರಲಿಲ್ಲವೇ?"

"ಗೊತ್ತಿತ್ತು. ಆದರೆ ಮನೆ ಅವರದು."

ಕೊಟ್ರೇಶ ಅಲ್ಲೇ ಜಗಲಿಯ ಮೇಲೆ ಕೂತು, ಬರೆದದ್ದನ್ನೆಲ್ಲ ಅಳಿಸಿ ಹೊಸದಾಗಿ ಬರೆದ. ಎಡಿಟರ್ ಈಗ ತಾನಿರುವ ಯಂತ್ರವನ್ನೇ ಮೊದಲು ಕೇಳುತ್ತದೆ, ನಿಮ್ಮಲ್ಲಿ ಗೆರೆ ಯಾವ ಕಡೆಗೆ ಎಂದು. ದಾರಿ ತುಂಬುವುದು ಆಮೇಲೆ. ಆಚೆ ದಡದಲ್ಲಿ ನಡೆಯಿತು. ಅದನ್ನೇ ತಮ್ಮ ಆಶ್ರಮಕ್ಕೂ ಕಳಿಸಿದ. ನಡೆಯುತ್ತಿದೆ ಎಂದು ಅಲ್ಲಿಂದ ಫೋನ್ ಬಂತು.

ವಾಪಸು ಹರಿಗೋಲು ಹತ್ತುವಾಗ ಗುರುಗಳು ಹುಟ್ಟನ್ನು ಅವನ ಕೈಗಿತ್ತರು. ಎಡಿಟರ್ ತನ್ನದಾಯಿತೆಂದು ಅವನಿಗೆ ತಿಳಿಯಿತು. ಎದೆ ಹರಿಗೋಲಿಗಿಂತ ಅಗಲವಾಯಿತು. ಅದೇ ಹುರುಪಿನಲ್ಲಿ ತಮ್ಮ ಆಶ್ರಮದ ಕಡೆಗೆ ಹುಟ್ಟು ಹಾಕತೊಡಗಿದ.

ನಡುಹೊಳೆಯಲ್ಲಿ ಗುರುಗಳು ಕೇಳಿದರು:

"ನಾನು ಆಶ್ರಮಕ್ಕೇ ಹೊರಟಿದ್ದೀನಿ ಅಂತ ನಿನಗೆ ಯಾರಪ್ಪ ಹೇಳಿದ್ದು?"