ಬೆದರುಬೊಂಬೆ ಕರೆದ ಕೋಳಿ

ಪಕ್ಕದ ಹೊಲದಲ್ಲಿ ರಾಗಿ ಬಿತ್ತಿದ ನಾಲ್ಕನೇ ದಿನ, ಹಿತ್ತಲಿನ ಚುಕ್ಕಿಕೋಳಿ ಮರಿಗಳೊಂದಿಗೆ ಬೇಲಿ ನುಸುಳಿ ಸಾಲು ಕೆದಕತೊಡಗಿತು.

“ನಿಲ್ಲಮ್ಮಾ! ಅದು ಪೈರಾಗಬೇಕಾದ ಬೀಜ,” ಎಂದಿತು ಬೆದರುಬೊಂಬೆ.

“ಮರಿಗಳು ಹಸಿದಿವೆಯಪ್ಪಾ. ಕೆದಕುವುದು ನನ್ನ ಹುಟ್ಟುಗುಣ.”

“ಗುಣದಲ್ಲಿ ತಪ್ಪಿಲ್ಲ ತಾಯಿ, ಹೊತ್ತು ಸರಿಯಿಲ್ಲ. ಪೈರು ಬೇರು ಹಿಡಿಯಲಿ, ನಾನೇ ಕರೆಯುತ್ತೇನೆ.”

ಓಡಿಸಲೆಂದೇ ನಿಂತವನು ಕರೆಯುವುದುಂಟೇ ಎಂದು ಕೋಳಿಗೆ ನಗು ಬಂತು. ಆದರೆ ಕಾಲಡಿಯ ಕಾಳೊಂದು, ಚಿಪ್ಪೊಡೆದ ಮರಿಯಂತೆ, ಆಗಷ್ಟೇ ಮೊಳಕೆ ಇಣುಕಿಸಿತ್ತು. ಕೋಳಿ ಮೆಲ್ಲಗೆ ಕಾಲೆತ್ತಿಕೊಂಡು ಮರಿಗಳೊಡನೆ ತಿಪ್ಪೆಗೆ ಮರಳಿತು.

ತಿಂಗಳೊಪ್ಪತ್ತಿನಲ್ಲಿ ಪೈರಿಗೆ ಹುಳು ಬಿತ್ತು. “ಚುಕ್ಕಕ್ಕಾ, ಮಕ್ಕಳನ್ನೆಲ್ಲ ಕರೆದುಕೊಂಡು ಬೇಗ ಬಾ!” ಎಂದು ಬೊಂಬೆ ಕೂಗಿತು.

ಈ ಸಲ ಚುಕ್ಕಿಕೋಳಿ ಬೇಲಿ ನುಸುಳಲಿಲ್ಲ. ಕರೆಸಿಕೊಂಡ ನೆಂಟರ ಹಾಗೆ, ಹಿಂಡಿನ ಮುಂದೆ ತಲೆಯೆತ್ತಿ, ಹೊಲದ ಬಾಗಿಲಿಂದಲೇ ನಡೆದು ಬಂತು.